ಕೇಳಿ ನೋಡಿ: ಖಾಲಿ ತೋಟಾ ಮತ್ತೆ ತುಂಬೋ ಹುಚ್ಚು

ಹೋದ ಸಂಚಿಕೇಲಿ ಟೆಕ್ಸಸ್‌ನ ಶೂಟಿಂಗ್ ರೇಂಜ್ ಬಗ್ಗೆ ಬರೀತಾ, ನಾನು ಗ್ಯಾರೇಜಲ್ಲಿ ಕೂತು ನನ್ನ ತೋಟಾ (ಬಂದೂಕಿಗೆ ಹಾಕೋ ಕಾರ್ಟ್ರಿಜ್) ನಾನೇ ತುಂಬ್ಕೋತೀನಿ ಅಂತ ಒಂದೇ ಒಂದು ಸಾಲು ಹಾಕಿದ್ದೆ, ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಒಬ್ರು ತೋಟಾನ ತೋಟ ಅಂತ ಓದ್ಕೊಂಡು ಟೊಮೇಟೊ ಸಸಿ ಬಗ್ಗೆ ಕೇಳಿದ್ದಾರೆ, ಅವರಿಗೆ ಮುಂದಿನ ಸಲ ಉತ್ತರ. ಉಳಿದವು ಇಲ್ಲಿವೆ.

ಪ್ರಶ್ನೆ: ಸರ್, ನನಗೆ ಗ್ರೀನ್ ಕಾರ್ಡ್ ಬಂದು ಮೂರು ವರ್ಷ ಆಯ್ತು, ಹೋದ ವರ್ಷ ಒಂದು .308 ಅಳತೆಯ ಬೋಲ್ಟ್ ರೈಫಲ್ (ಪ್ರತಿ ಈಡಿಗೂ ಕೈಯಲ್ಲೇ ಬೋಲ್ಟ್ ಎಳೆಯೋದು) ತಗೊಂಡೆ. ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗ್ತೀನಿ, ಒಳ್ಳೆ ಮ್ಯಾಚ್ (ಸ್ಪರ್ಧೆ ಗುಣಮಟ್ಟದ) ತೋಟಾಗೆ ದುಡ್ಡು ಸುರಿದು ಸಾಕಾಗಿದೆ. ರೀಲೋಡಿಂಗ್ ಶುರು ಮಾಡೋದು ಹೇಗೆ? ನಿಜವಾಗ್ಲೂ ದುಡ್ಡು ಉಳಿಯುತ್ತಾ?
— ಡಲ್ಲಾಸ್‌ನ ಓದುಗರು

ಉತ್ತರ: ದುಡ್ಡಿನ ವಿಷ್ಯ ಆಮೇಲೆ, ಮೊದಲು ತೋಟಾ ಅಂದ್ರೆ ಏನು ಅಂತ ಬಿಡಿಸಿ ನೋಡೋಣ. ನಾಲ್ಕೇ ವಸ್ತು: ಹಿತ್ತಾಳೆ ಕೇಸು, ಅದರ ತಳದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್ (ನಮ್ಮ ಮಲೆನಾಡಲ್ಲಿ ಕೇಪು ಅಂತಿದ್ರಲ್ಲ, ಅದರದ್ದೇ ಮೊಮ್ಮಗ), ಒಳಗೆ ಮದ್ದು ಅಂದ್ರೆ ಪೌಡರ್, ತುದೀಲಿ ಗುಂಡು. ಈಡು ಹಾರಿದ ಮೇಲೆ ಮೂರು ಮುಗಿದು ಹೋಗುತ್ತೆ, ಹಿತ್ತಾಳೆ ಮಾತ್ರ ಉಳಿಯುತ್ತೆ, ನಾಲ್ಕರಲ್ಲಿ ಜಾಸ್ತಿ ಬೆಲೆ ಇರೋದು ಅದಕ್ಕೇ. ಆ ಹಿತ್ತಾಳೇನ ಮತ್ತೆ ಮತ್ತೆ ಬಳಸೋದೇ ರೀಲೋಡಿಂಗ್.

ಆದ್ರೆ ನೀವು ಹಾರಿಸಿದ್ದು ಬಾಕ್ಸರ್ ಪ್ರೈಮರ್ ಇರೋ ಕೇಸೇನಾ ನೋಡ್ಕೊಳ್ಳಿ. ಖಾಲಿ ಕೇಸಿನ ಬಾಯಿಂದ ಒಳಗೆ ಇಣುಕಿದ್ರೆ ತಳದ ನಡುವೆ ಒಂದೇ ತೂತು ಕಂಡ್ರೆ ಬಾಕ್ಸರ್, ಪಕ್ಕಪಕ್ಕ ಎರಡು ಸಣ್ಣ ತೂತು ಇದ್ರೆ ಬೆರ್ಡಾನ್, ಅದನ್ನ ಬಿಟ್ಬಿಡಿ, ಸಾಮಾನ್ಯ ಡೈಗೆ (ಕೇಸನ್ನ ಅಳತೆಗೆ ಒತ್ತೋ ಅಚ್ಚು) ಹಾಕಿದ್ರೆ ಹಳೇ ಪ್ರೈಮರ್ ತಳ್ಳಿ ಬೀಳಿಸೋ ಸೂಜಿ ಮುರಿಯುತ್ತೆ. ತಮಾಷೆ ಏನಂದ್ರೆ ಬೆರ್ಡಾನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನವನು, ಇಬ್ರೂ 1860ರ ದಶಕದವರು, ಈಗ ಅಮೆರಿಕದ ತುಂಬ ಇಂಗ್ಲಿಷಿನವನ ಪ್ರೈಮರ್, ಯುರೋಪಿನ ಮಿಲಿಟರಿ ತೋಟಾಗಳಲ್ಲಿ ಜಾಸ್ತಿ ಅಮೆರಿಕದವನದ್ದು.

ಸಾಮಾನು ಅಂದ್ರೆ ಒಂದು ಸಿಂಗಲ್ ಸ್ಟೇಜ್ ಪ್ರೆಸ್ (ಹಿಡಿ ಎಳೆದ್ರೆ ಒಂದೇ ಕೆಲಸ ಮಾಡೋ ಒತ್ತು ಯಂತ್ರ), ನಿಮ್ಮ ತೋಟಾದ ಅಳತೆಯ ಡೈ ಸೆಟ್, ಕೇಸು ಹಿಡಿಯೋ ಶೆಲ್ ಹೋಲ್ಡರ್, ತೂಕದ ಸ್ಕೇಲು, ಉದ್ದ ಅಳೆಯೋ ಕ್ಯಾಲಿಪರ್, ಉದ್ದ ಕತ್ತರಿಸೋ ಕೇಸ್ ಟ್ರಿಮ್ಮರ್, 50 ತೂತಿನ ಟ್ರೇ, ಇಷ್ಟು. ಲೀ ಕಂಪನೀದು ಅಗ್ಗ, ಆರ್‌ಸಿಬಿಎಸ್‌ದು ಗಟ್ಟಿ, ಎರಡರಲ್ಲೂ ಒಳ್ಳೆ ತೋಟಾ ಬರುತ್ತೆ. ಡಿಲ್ಲನ್ ಥರದ ಪ್ರೋಗ್ರೆಸಿವ್ ಯಂತ್ರ ನೋಡಿ ಆಸೆ ಪಡ್ಬೇಡಿ, ಒಂದು ಸಲ ಹಿಡಿ ಎಳೆದ್ರೆ ಐದಾರು ಕೆಲಸ ಒಟ್ಟಿಗೆ ಆಗುತ್ತೆ ನಿಜ, ಆದ್ರೆ ಹೊಸಬರಿಗೆ ಯಾವ ಕೆಲಸ ತಪ್ಪಿತು ಅಂತಾನೇ ಗೊತ್ತಾಗಲ್ಲ. ಸಿಂಗಲ್ ಸ್ಟೇಜಲ್ಲಿ ಐವತ್ತು ಕೇಸಿಗೆ ಒಂದೊಂದೇ ಕೆಲಸ, ದೋಸೆ ಹೆಂಚಿನ ಮುಂದೆ ನಿಂತ ಹಾಗೆ ನಿಧಾನ, ಕಲಿಯೋಕೆ ಅದೇ ಬೇಕು.

ಕೆಲಸದ ಸಾಲು ಹೀಗಿದೆ. ಕೇಸು ತೊಳೆದು ಒಣಗಿಸಿ, ಬಿರುಕು ಇದ್ಯಾ, ತಳದ ಹತ್ರ ಬಿಳಿ ಗೆರೆ ಬಂದಿದ್ಯಾ ನೋಡಿ, ಬಂದಿದ್ರೆ ಬಿಸಾಕಿ. ಆಮೇಲೆ ಲೂಬ್ (ಜಾರೋಕೆ ಸವರೋ ಜಿಡ್ಡು) ಸವರಿ ಸೈಸಿಂಗ್ ಡೈ ಒಳಗೆ ತಳ್ಳಬೇಕು, ಹಾರಿಸುವಾಗ ರೈಫಲಿನ ಚೇಂಬರಲ್ಲಿ ಊದಿಕೊಂಡಿದ್ದ ಕೇಸು ಮೊದಲಿನ ಅಳತೆಗೆ ಬರುತ್ತೆ, ಅದೇ ಏಟಿಗೆ ಹಳೇ ಪ್ರೈಮರ್ ಕಳಚಿ ಬೀಳುತ್ತೆ. ಲೂಬ್ ಮರೆತ್ರೆ ಕೇಸು ಡೈ ಒಳಗೇ ಕಚ್ಚಿಕೊಂಡು ಕೂರುತ್ತೆ, ನಾನು ಮೊದಲನೇ ವಾರಾನೇ ಆ ಪ್ರಸಾದ ತಿಂದಿದೀನಿ, ಎಳೆದ ರಭಸಕ್ಕೆ ಕೇಸಿನ ಅಂಚು ಕಿತ್ತು ಬಂತು, ಕೇಸು ಬರಲಿಲ್ಲ, ಕೊನೆಗೆ ತೂತು ಕೊರೆದು ತೆಗೆಯೋಷ್ಟರಲ್ಲಿ ಭಾನುವಾರ ಮುಗಿದಿತ್ತು. ಪಿಸ್ತೂಲಿನ ಕೇಸಿಗೆ ಕಾರ್ಬೈಡ್ ಡೈ ಸಿಗುತ್ತೆ, ಅದಕ್ಕೆ ಲೂಬ್ ಬೇಡ, ರೈಫಲಿನ ಕತ್ತು ಸಣ್ಣ ಇರೋ ಕೇಸಿಗೆ ಬೇಕೇ ಬೇಕು.

ಸೈಸ್ ಮಾಡಿದಾಗ ಹಿತ್ತಾಳೆ ಉದ್ದಕ್ಕೆ ಬೆಳೆಯುತ್ತೆ. .308ಕ್ಕೆ ಗರಿಷ್ಠ 2.015 ಇಂಚು, ಮೀರಿದ್ರೆ 2.005ಕ್ಕೆ ಕತ್ತರಿಸಿ ಅಂಚು ನಯ ಮಾಡಿ. ಹೊಸ ಪ್ರೈಮರ್ ಒತ್ತಿ, ಪೌಡರ್ ತೂಗಿ ಹಾಕಿ, ಗುಂಡು ಕೂರಿಸಿ. ಮುಗೀತು. ಹೇಳೋಕೆ ಎರಡು ನಿಮಿಷ, ಮೊದಲ ಐವತ್ತಕ್ಕೆ ನನಗೆ ಎರಡು ಸಂಜೆ ಹಿಡಿದಿತ್ತು.

ಪೌಡರ್ ತೂಕ ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದೆಯಲ್ಲ, ಒಂದು ಗುಲಗಂಜಿ ಹತ್ತಿರತ್ತಿರ ಎರಡು ಗ್ರೇನ್ ತೂಗುತ್ತೆ, ಇಲ್ಲಿ ನಾವು ಅದರ ಇಪ್ಪತ್ತನೇ ಒಂದು ಭಾಗ ಹೆಚ್ಚುಕಮ್ಮಿ ಆಯ್ತಾ ಅಂತ ನೋಡ್ತೀವಿ. ಎಷ್ಟು ಹಾಕ್ಬೇಕು ಅಂತ ನನ್ನನ್ನ ಕೇಳ್ಬೇಡಿ, ಫ್ರೆಂಡನ್ನೂ ಕೇಳ್ಬೇಡಿ. ಹಾಜ್‌ಡನ್, ಹಾರ್ನಡಿ ಅಂಥ ಪೌಡರ್ ಮತ್ತು ಗುಂಡು ಮಾಡೋ ಕಂಪನಿಗಳೇ ಪರೀಕ್ಷೆ ಮಾಡಿ ಮ್ಯಾನ್ಯುಯಲ್ ಹಾಕ್ತಾರೆ, ನಿಮ್ಮ ಗುಂಡಿನ ತೂಕ, ಪೌಡರಿನ ಹೆಸರು ಎರಡೂ ಅಕ್ಷರ ಬಿಡದೆ ಹೊಂದ್ಬೇಕು. ಅದರಲ್ಲಿ ಕೆಳಗಿನ ಅಂಕಿಯಿಂದ ಶುರು ಮಾಡಿ ಸ್ವಲ್ಪಸ್ವಲ್ಪವೇ ಮೇಲೆ ಹೋಗಿ, ಹಾರಿಸಿದ ಪ್ರೈಮರ್ ತಟ್ಟೆ ಥರ ಚಪ್ಪಟೆ ಆಗಿದ್ರೆ ಅಥವಾ ಬೋಲ್ಟ್ ಎತ್ತೋಕೆ ಜಗ್ಗಾಡ್ಬೇಕಾದ್ರೆ ಒತ್ತಡ ಜಾಸ್ತಿ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ.

ಬೆಂಚಿನ ಮೇಲೆ ಒಂದೇ ಪೌಡರ್ ಡಬ್ಬಿ. ಎರಡಿದ್ರೆ ಒಂದಿನ ಬದಲಾಗೇ ಆಗುತ್ತೆ. ಟ್ರೇಯಲ್ಲಿ ಐವತ್ತೂ ಕೇಸಿಗೆ ಪೌಡರ್ ಹಾಕಿ ಆದ ಮೇಲೆ ಟಾರ್ಚ್ ಬಿಟ್ಟು ಒಂದೊಂದರೊಳಗೂ ನೋಡಿ, ಮಟ್ಟ ಒಂದೇ ಥರ ಇರ್ಬೇಕು. .308ರಲ್ಲಿ ಸಾಮಾನ್ಯವಾಗಿ ಮದ್ದು ಕೇಸಿನ ಮುಕ್ಕಾಲಿಗಿಂತ ಮೇಲೇ ಬರುತ್ತೆ, ಎರಡು ಸಲ ಹಾಕಿದ್ರೆ ಉಕ್ಕಿ ಚೆಲ್ಲುತ್ತೆ, ತಪ್ಪು ತಾನೇ ಗೊತ್ತಾಗುತ್ತೆ. 9 ಎಂಎಂನಲ್ಲಿ ಎರಡು ಸಲ ಹಾಕಿದ್ರೂ ಹಿಡಿಸಿಬಿಡಬಹುದು, ಪಿಸ್ತೂಲ್ ಒಡೆಯೋದು ಹಾಗೆ. ಇನ್ನು ಪೌಡರ್ ಹಾಕೋದೇ ಮರೆತ್ರೆ? ಪ್ರೈಮರ್ ಒಂದೇ ಗುಂಡನ್ನ ತಳ್ಳಿ ನಳಿಗೆ ನಡುವೆ ಸಿಕ್ಕಿಸಿ ಬಿಡುತ್ತೆ, ಇದಕ್ಕೆ ಸ್ಕ್ವಿಬ್ ಅಂತಾರೆ, ಸದ್ದು ಠುಸ್ ಅಂತ ಬರುತ್ತೆ. ಠುಸ್ ಅಂದ್ರೆ ಕೈ ತೆಗೀರಿ, ಇನ್ನೊಂದು ಹಾರಿಸಿದ್ರೆ ನಳಿಗೆ ಸೀಳುತ್ತೆ.

ಈಗ ದುಡ್ಡು. ಬರೀ ಲೆಕ್ಕಕ್ಕೆ 42 ಗ್ರೇನ್ ಅಂತ ಇಟ್ಕೊಳ್ಳಿ (ಇದನ್ನ ಓದಿ ಯಾರೂ ತುಂಬ್ಬೇಡಿ), ಪೌಂಡಿಗೆ 45 ಡಾಲರ್ ಆದ್ರೆ ಒಂದು ತೋಟಾದ ಪೌಡರಿಗೆ 27 ಸೆಂಟ್, ಪ್ರೈಮರಿಗೆ 8-10, ಒಳ್ಳೆ ಗುಂಡಿಗೆ 45-50, ಒಟ್ಟು 80-90 ಸೆಂಟಿನ ಆಸುಪಾಸು. ಅಂಗಡಿ ಮ್ಯಾಚ್ ತೋಟಾದ ಪಕ್ಕ ಇಟ್ಟು ನೀವೇ ಕಳೆದು ನೋಡಿ. ಉಳಿದ ದುಡ್ಡು ಬ್ಯಾಂಕಿಗೆ ಹೋಗಲ್ಲ ಅನ್ನೋದು ಬೇರೆ ಮಾತು, ನಾನು ಅಷ್ಟೇ ಖರ್ಚು ಮಾಡಿ ಎರಡರಷ್ಟು ಹಾರಿಸ್ತೀನಿ, ನಮ್ಮನೆಯವಳ ಲೆಕ್ಕದಲ್ಲಿ ಇದು ಉಳಿತಾಯ ಅಲ್ಲವೇ ಅಲ್ಲ.

ಪ್ರಶ್ನೆ: 9 ಎಂಎಂ ತುಂಬಿದ್ರೆ ಲಾಭ ಇದ್ಯಾ ಅಣ್ಣ?
— ಮಿಷಿಗನ್

ಉತ್ತರ: ಕಮ್ಮಿ. ಅಂಗಡೀಲೇ ಅಗ್ಗ, ನಿಮ್ಮ ಸಂಜೆಗೆ ಬೆಲೆ ಕಟ್ಟಿದ್ರೆ ನಷ್ಟಾನೇ. ಆದ್ರೆ 2020ರಿಂದ ಎರಡು ವರ್ಷ ಅಂಗಡಿ ಕಪಾಟು ಖಾಲಿ ಹೊಡೀತಿದ್ದಾಗ ಕೇಸು, ಪ್ರೈಮರ್ ಮೊದಲೇ ಕೂಡಿಟ್ಟವರು ಮಾತ್ರ ರೇಂಜಿಗೆ ಹೋಗ್ತಿದ್ರು, ಪ್ರೈಮರ್ ಮುಗಿದವರು ನಮ್ಮ ಥರ ಖಾಲಿ ಪ್ರೆಸ್ ನೋಡ್ಕೊಂಡು ಕೂತಿದ್ರು.

ಪ್ರಶ್ನೆ: ನಾನು ಎಚ್1ಬಿ ಕೆಲಸದ ವೀಸಾ ಮೇಲೆ ಇದೀನಿ. ಗನ್ ನನ್ನದಲ್ಲ, ರೂಮ್‌ಮೇಟ್‌ದು, ಅವನು ಸಿಟಿಜನ್. ನಾನು ಬರೀ ಪ್ರೆಸ್, ಪೌಡರ್ ತಗೊಂಡು ಅವನಿಗೆ ತುಂಬಿಕೊಡ್ಬಹುದಾ? ಗನ್ ಮುಟ್ಟಲ್ಲ.
— ನ್ಯೂಜೆರ್ಸಿ

ಉತ್ತರ: ಬೇಡ. ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಯಾಕಂದ್ರೆ ನಮ್ಮ ಹುಡುಗರಲ್ಲಿ ತುಂಬ ಜನಕ್ಕೆ ಈ ವಿಷ್ಯಾನೇ ಗೊತ್ತಿಲ್ಲ. ಫೆಡರಲ್ ಕಾನೂನು, 18ನೇ ಟೈಟಲ್‌ನ 922ನೇ ಸೆಕ್ಷನ್, ನಾನ್‌ಇಮಿಗ್ರಂಟ್ (ತಾತ್ಕಾಲಿಕ) ವೀಸಾ ಮೇಲೆ ಬಂದವರು, ಅಂದ್ರೆ ಎಚ್1ಬಿ, ಎಫ್1 ಎಲ್ಲಾ, ಗನ್ ಮಾತ್ರ ಅಲ್ಲ ಅಮ್ಯುನಿಷನ್ ಕೂಡ ಇಟ್ಕೊಳ್ಳೋ ಹಾಗಿಲ್ಲ ಅನ್ನುತ್ತೆ. ಅಮ್ಯುನಿಷನ್ ಅಂದ್ರೆ ಪೂರ್ತಿ ತೋಟಾ ಮಾತ್ರ ಅಂದ್ಕೊಂಡಿದ್ರೆ ತಪ್ಪು, ಅದೇ ಕಾನೂನಿನ ಅರ್ಥವಿವರಣೇಲಿ ಕೇಸು, ಪ್ರೈಮರ್, ಗುಂಡು, ಪೌಡರ್ ಎಲ್ಲಾ ಸೇರಿವೆ. ಪ್ರೆಸ್ ಬರೀ ಕಬ್ಬಿಣದ ಯಂತ್ರ, ಅದಕ್ಕೆ ತಕರಾರಿಲ್ಲ, ಒಂದು ಡಬ್ಬಿ ಪ್ರೈಮರ್ ನಿಮ್ಮ ಹೆಸರಲ್ಲಿ ಬಂತು ಅಂದ್ರೆ ತಕರಾರು. 2022ರಿಂದ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ, ವೀಸಾ ಕಥೆ ಬೇರೆ. ವಿನಾಯ್ತಿ ಕೆಲವು ಇವೆ, ಅಮೆರಿಕದ ಯಾವುದಾದ್ರೂ ರಾಜ್ಯದ ಚಾಲ್ತೀಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಈ ನಿಷೇಧ ಅನ್ವಯ ಆಗಲ್ಲ. ಆದ್ರೂ ನಿಮ್ಮ ರಾಜ್ಯದ ನಿಯಮ ಇನ್ನೂ ಬಿಗಿ, ಲಾಯರ್ ಕೇಳದೆ ಒಂದು ಖಾಲಿ ಕೇಸನ್ನೂ ಮನೆಗೆ ತರಬೇಡಿ. ರೂಮ್‌ಮೇಟ್ ತನ್ನದನ್ನ ತಾನೇ ತುಂಬ್ಕೊಳ್ಳಲಿ, ಸ್ವಂತಕ್ಕೆ ತುಂಬ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ಆದ್ರೆ ತುಂಬಿ ಮಾರೋ ವ್ಯಾಪಾರಕ್ಕೆ ಇಳಿದ್ರೆ ಟೈಪ್ 06 ಲೈಸೆನ್ಸ್ ಬೇಕು.

ಪ್ರಶ್ನೆ: ನಮ್ಮನೆಯವರು ಗ್ಯಾರೇಜಲ್ಲಿ ಇದನ್ನ ಶುರು ಹಚ್ಕೊಂಡಿದಾರೆ, ನಮಗೆ ಎರಡು ವರ್ಷದ ಮಗು ಇದೆ. ಮನೇಲಿ ಮದ್ದು ಇಟ್ಕೊಂಡು ಮಲಗೋದು ಹೇಗೆ ಸರ್? ಸಿಡಿಯಲ್ವಾ?
— ಹೂಸ್ಟನ್‌ನ ಓದುಗರು

ಉತ್ತರ: ನೀವು ಹೆದರ್ತಿರೋ ವಸ್ತು ಬೇರೆ, ಹೆದರಬೇಕಾದ ವಸ್ತು ಬೇರೆ ಅಮ್ಮಾ. ಈಗಿನ ಸ್ಮೋಕ್‌ಲೆಸ್ ಪೌಡರ್ ತೆರೆದ ಜಾಗದಲ್ಲಿ ಬೆಂಕಿ ತಾಗಿದ್ರೆ ಭರ್ರಂತ ಉರಿಯುತ್ತೆ, ಬಿಗಿಯಾಗಿ ಮುಚ್ಚಿಟ್ರೆ ಮಾತ್ರ ಸಿಡಿಯೋದು. ಅದಕ್ಕೇ ಕಂಪನಿ ಡಬ್ಬಿ ಒತ್ತಡ ಬಂದಾಗ ಬಿಟ್ಟುಕೊಡೋ ಹಾಗೆ ಮಾಡಿರ್ತಾರೆ. ಕೆಲವರು ಜಾಣತನ ಅಂತ ಅದನ್ನ ಉಕ್ಕಿನ ತಿಜೋರಿಗೆ ಹಾಕಿ ಬೀಗ ಜಡೀತಾರೆ, ಅದು ಬಾಂಬ್ ಮಾಡಿದ ಹಾಗೆ. ಬೀಗ ಹಾಕೋ ಮರದ ಕಪಾಟು ಸಾಕು, ಬಾಯ್ಲರ್ ಹತ್ರ ಬೇಡ. ಅಗ್ನಿ ಸುರಕ್ಷತೆಯ ಎನ್‌ಎಫ್‌ಪಿಎ 495 ಅನ್ನೋ ನಿಯಮಾವಳಿ ಪ್ರಕಾರ ಮನೇಲಿ ಮೂಲ ಡಬ್ಬಿಯಲ್ಲಿ 20 ಪೌಂಡ್ ಪೌಡರ್, 10,000 ಪ್ರೈಮರ್ ತನಕ ಇಡಬಹುದು, ಊರಿನ ನಿಯಮ ಇನ್ನೂ ಕಮ್ಮಿ ಇರಬಹುದು, ಫೈರ್ ಆಫೀಸಲ್ಲಿ ಕೇಳಿ.

ನಿಜವಾದ ಭಯ ಸೀಸದ್ದು. ಸಾಮಾನ್ಯ ಪ್ರೈಮರ್ ಒಳಗೆ ಸೀಸದ ಸಂಯುಕ್ತ ಇದೆ, ಹಾರಿಸಿದ ಕೇಸಿನ ಮಸಿಯಲ್ಲಿ ಅದೇ ಇರೋದು, ಕೇಸು ತಿರುಗಿಸಿ ಉಜ್ಜೋ ಒಣ ಟಂಬ್ಲರ್ ಯಂತ್ರದ ಮುಚ್ಚಳ ತೆಗೆದಾಗ ಏಳೋ ಧೂಳಲ್ಲೂ ಅದೇ. ಎರಡು ವರ್ಷದ ಮಗು ನೆಲದ ಮೇಲೆ ಕೈ ಇಟ್ಟು ಅದೇ ಕೈ ಬಾಯಿಗೆ ಹಾಕುತ್ತೆ. ನಿಮ್ಮನೆಯವರಿಗೆ ಹೇಳಿ, ಒಣ ಟಂಬ್ಲರ್ ಬಿಟ್ಟು ನೀರಿನದ್ದು ತಗೊಳ್ಳಲಿ, ಆ ನೀರು ಅಡುಗೆಮನೆ ಸಿಂಕಿಗೆ ಬೇಡ, ಗ್ಯಾರೇಜಿಗೇ ಅಂತ ಒಂದು ಜೊತೆ ಚಪ್ಪಲಿ ಒಂದು ಹಳೇ ಅಂಗಿ ಇರಲಿ, ಬೆಂಚಿನ ಹತ್ರ ಕಾಫಿ ಲೋಟ ಕಾಣಬಾರದು, ಸೀಸ ತೆಗೆಯೋ ಸೋಪು ಸಿಗುತ್ತೆ ಅದರಲ್ಲಿ ಕೈ ತೊಳೆದೇ ಮಗು ಎತ್ಕೊಳ್ಳಲಿ. ಮಗುವಿನ ಡಾಕ್ಟರಿಗೆ ಹೇಳಿ ರಕ್ತದ ಸೀಸ ಪರೀಕ್ಷೆ ಮಾಡ್ಸಿ, ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಿಂದ ಮಕ್ಕಳಿಗೆ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಅನ್ನೋ ಅಂಕಿ ಇಟ್ಟಿದೆ, ಅದಕ್ಕೆ ಮುಟ್ಟಿದ್ರೆ ಎಲ್ಲಿಂದ ಬರ್ತಿದೆ ಅಂತ ಹುಡುಕಲೇಬೇಕು. ಅಲ್ಲೀತನಕ ಮಗು ಗ್ಯಾರೇಜಿಗೆ ಬೇಡವೇ ಬೇಡ.

ಪ್ರಶ್ನೆ: ನಮ್ಮದು ಕೊಡಗು. ನಮ್ಮ ತಾತ ಹನ್ನೆರಡು ಬೋರಿನ ಖಾಲಿ ತೋಟಾಗೆ ತಾವೇ ಮದ್ದು, ಚರೆ ತುಂಬ್ತಿದ್ರು. ಆ ಸಣ್ಣ ಯಂತ್ರ ಅಟ್ಟದ ಮೇಲೆ ಇನ್ನೂ ಇದೆ. ನಮಗೆ ಕೋವಿ ಲೈಸೆನ್ಸಿನ ವಿನಾಯ್ತಿ ಇದೆ, ಕೈಲ್‌ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯೋಕೆ ನಾನೂ ತುಂಬ್ಕೋಬಹುದಾ?
— ಮಡಿಕೇರಿ ಕಡೆಯ ಓದುಗರು

ಉತ್ತರ: ಪತ್ರ ಓದಿ ನಮ್ಮಜ್ಜನ ಕೇಪಿನ ಕೋವಿ, ಮೂಲೇಲಿ ಒರಗಿಸಿದ್ದ ಮದ್ದು ಜಡಿಯೋ ಗಜ, ಚರೆ ಹಾಕಿಡ್ತಿದ್ದ ಚರ್ಮದ ಚೀಲ ಎಲ್ಲಾ ಕಣ್ಮುಂದೆ ಬಂತು. ಆದ್ರೆ ಉತ್ತರ ಮಾತ್ರ ಬೇಡ ಅಂತಾನೇ. ನಿಮಗಿರೋದು 1959ರ ಆರ್ಮ್ಸ್ ಆಕ್ಟ್ ಅಡಿ ಕೋವಿ ಇಟ್ಕೊಳ್ಳೋಕೆ ಸಿಕ್ಕಿರೋ ವಿನಾಯ್ತಿ, ಕೇಂದ್ರ ಅದನ್ನ 2029ರ ತನಕ ವಿಸ್ತರಿಸಿದೆ. ಮದ್ದುಗುಂಡು ತಯಾರಿಸೋದು ಅದೇ ಕಾಯ್ದೆಯ 5ನೇ ಸೆಕ್ಷನ್, ಅದಕ್ಕೆ ಬೇರೆ ಲೈಸೆನ್ಸ್, ಮನೇಲಿ ಕೂತು ತುಂಬೋದಕ್ಕೆ ಈ ವಿನಾಯ್ತಿ ತೋರಿಸೋಕಾಗಲ್ಲ. 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಏಳು ವರ್ಷದಿಂದ ಶುರು, ಜೀವಾವಧಿ ತನಕ ಹೋಗುತ್ತೆ.

ಕಾನೂನು ಬಿಡಿ, ಇನ್ನೊಂದು ಅಪಾಯ ಇದೆ. ತಾತ ತುಂಬ್ತಿದ್ದದ್ದು ಕರಿ ಮದ್ದು ಆಗಿದ್ರೆ ಅದನ್ನ ತೂಗ್ತಿರಲಿಲ್ಲ, ಮದ್ದು ಇಡೋ ಬುರುಡೆಯ ಅಳತೆಯಲ್ಲಿ ಸುರಿಯೋದು. ಅದೇ ಅಳತೆಗೆ ಈಗಿನ ಸ್ಮೋಕ್‌ಲೆಸ್ ಸುರಿದ್ರೆ ಒತ್ತಡ ಎಷ್ಟೋ ಪಟ್ಟು ಏರಿ ಹಳೇ ನಳಿಗೆ ಎಡಗೈ ಹತ್ರಾನೇ ಬಿಚ್ಚಿಕೊಳ್ಳುತ್ತೆ. ಅಟ್ಟದಲ್ಲಿ ಯಂತ್ರದ ಜೊತೆ ಹಳೇ ಮದ್ದಿನ ಡಬ್ಬಿ, ಕೇಪು ಇದ್ರೆ ತಟ್ಟಿ ಕುಟ್ಟಿ ನೋಡ್ಬೇಡಿ, ಸ್ಟೇಷನ್ನಿಗೆ ತಿಳಿಸಿ ಒಪ್ಪಿಸಿ. ಯಂತ್ರ ಒರೆಸಿ ಶೋಕೇಸಲ್ಲಿಡಿ, ತೆಂಗಿನಕಾಯಿಗೆ ಅಂಗಡಿ ತೋಟಾನೇ ಸಾಕು.

ಪ್ರಶ್ನೆ: ಊರಿಗೆ ಹೋಗುವಾಗ ಹಾರಿಸಿದ ನಾಲ್ಕು ಕೇಸು ಕೀಚೈನ್ ಮಾಡಿ ಅಕ್ಕನ ಮಕ್ಕಳಿಗೆ ಒಯ್ಯಬಹುದಾ?
— ಆಸ್ಟಿನ್

ಉತ್ತರ: ಒಯ್ಯಬೇಡಿ. ಖಾಲಿ ಕೇಸು ಅಂತ ನಿಮಗೆ ಗೊತ್ತು, ಬೆಂಗಳೂರು ಏರ್‌ಪೋರ್ಟಿನ ಸ್ಕ್ಯಾನರಿಗೆ ಅದು ತೋಟಾ ಥರಾನೇ ಕಾಣುತ್ತೆ. ಇನ್ನೂ ಕೆಟ್ಟದ್ದು, ರೇಂಜಿಗೆ ಒಯ್ದಿದ್ದ ಬ್ಯಾಗನ್ನೇ ಊರಿಗೆ ಒಯ್ಯೋದು. ಸಂದೀಲಿ ಒಂದು ಜೀವಂತ ತೋಟಾ ಉಳಿದಿದ್ರೆ ಆರ್ಮ್ಸ್ ಆಕ್ಟ್ ಮೊಕದ್ದಮೆ, ಗೊತ್ತಿಲ್ಲದೆ ಬಂದದ್ದು ಅಂತ ಕೋರ್ಟಲ್ಲಿ ಬಿಡುಗಡೆ ಆಗಬಹುದು, ನಿಮ್ಮ ರಜೆ ಮಾತ್ರ ಅಲ್ಲೇ ಕಳೆದಿರುತ್ತೆ. ಪೌಡರ್, ಪ್ರೈಮರ್ ಅಂತೂ ಅಮೆರಿಕದೊಳಗಿನ ವಿಮಾನದಲ್ಲೂ ಚೆಕ್‌ಇನ್ ಬ್ಯಾಗಿಗೆ ಕೂಡ ಹಾಕೋ ಹಾಗಿಲ್ಲ. ನಾನು ರೇಂಜ್ ಬ್ಯಾಗಿಗೆ ಕೆಂಪು ಟೇಪ್ ಸುತ್ತಿಟ್ಟಿದೀನಿ, ಮನೇಲಿ ಯಾರೂ ಅದಕ್ಕೆ ಬಟ್ಟೆ ತುಂಬಲ್ಲ.