ಎಡಸ್ತನದ ಗಂಟಿಗೆ ಮಗಳ ಜೊತೆಗಿನ ಜಗಳ ಕಾರಣವೇ?

ನಿಮ್ಮ ಅಕ್ಕನ ಎಡಸ್ತನದಲ್ಲಿ ಗಂಟಿದೆ. ಕಳೆದ ವರ್ಷ ಮಗಳು ಜಗಳವಾಡಿ ಮನೆ ಬಿಟ್ಟ ಆಘಾತವೇ ಅದಕ್ಕೆ ಕಾರಣ, ಆ ನೋವು ತೀರಿದರೆ ಗಂಟೂ ಕರಗುತ್ತದೆ, ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ಬೇಡ ಎಂದು ಒಬ್ಬರು ಹೇಳಿದ್ದಾರೆ, ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇದು ಜರ್ಮನಿಯ ವೈದ್ಯ ರೈಕೆ ಗೇರ್ಡ್ ಹಾಮರ್ ಹುಟ್ಟುಹಾಕಿದ 'ಜರ್ಮನ್ ನ್ಯೂ ಮೆಡಿಸಿನ್' ಎಂಬ ಬದಲಿ ಪದ್ಧತಿಯ ಮಾತು. 1978ರಲ್ಲಿ ಗುಂಡೇಟು ತಿಂದ ಅವರ ಮಗ ತೀರಿಕೊಂಡ. ಆಮೇಲೆ ಹಾಮರ್‌ಗೆ ವೃಷಣದ ಕ್ಯಾನ್ಸರ್ ಬಂತು. ಪುತ್ರಶೋಕವೇ ಅದಕ್ಕೆ ಕಾರಣವೆಂದು ನಂಬಿ, ಎಲ್ಲರ ಕ್ಯಾನ್ಸರಿಗೂ ಅದನ್ನೇ ಅನ್ವಯಿಸಿದರು. 1986ರಲ್ಲಿ ಅವರ ವೈದ್ಯಕೀಯ ಪರವಾನಗಿ ರದ್ದಾಯಿತು.

ಅವರ ಲೆಕ್ಕದಲ್ಲಿ ಬಲಗೈಯ ಹೆಂಗಸಿಗೆ ಎಡಸ್ತನ ತಾಯಿ-ಮಕ್ಕಳ ಸಂಘರ್ಷದ್ದು, ಬಲಸ್ತನ ಗಂಡನದು. ಎಡಗೈಯವರಿಗೆ ಇದು ಅದಲುಬದಲು. ಬರೆಯುವುದು ಬಲಗೈಯಲ್ಲಾದರೂ ಚಪ್ಪಾಳೆ ತಟ್ಟುವಾಗ ಎಡಗೈ ಮೇಲೆ ಬಂದರೆ ಎಡಗೈಯವರೆಂದೇ ಎಣಿಕೆ. ನಲವತ್ತು ದಾಟಿದ ಯಾವ ಹೆಂಗಸಿಗೆ ಮಕ್ಕಳದೋ ಗಂಡನದೋ ಒಂದು ನೋವು ಇರುವುದಿಲ್ಲ ಹೇಳಿ? ಹುಡುಕಿದರೆ ಸಿಕ್ಕೇ ಸಿಗುತ್ತದೆ. ಅದರ ಮೇಲೆ ಸ್ತನ ಕ್ಯಾನ್ಸರ್ ಬಹುತೇಕ ಕಡೆ ಎಡಭಾಗದಲ್ಲೇ ಸ್ವಲ್ಪ ಹೆಚ್ಚು, ಹಾಗಾಗಿ 'ಮಕ್ಕಳ ನೋವು' ಎಂಬ ಮಾತು ಸುಲಭವಾಗಿ ಹೊಂದಿಬಿಡುತ್ತದೆ.

ಕಾಲದ ಲೆಕ್ಕವೂ ಕೂಡುವುದಿಲ್ಲ. ಒಂದು ಜೀವಕೋಶ ಒಂದು ಸೆಂಟಿಮೀಟರ್ ಗಂಟಾಗಲು ಸುಮಾರು 30 ಸಲ ಇಮ್ಮಡಿಯಾಗಬೇಕು. ಒಂದೊಂದು ಸಲಕ್ಕೆ ಮೂರು ತಿಂಗಳು ಎಂದರೂ ಏಳೂವರೆ ವರ್ಷ. ಹೋದ ವರ್ಷದ ಜಗಳ ಅದನ್ನು ಹುಟ್ಟಿಸಿರಲು ಹೇಗೆ ಸಾಧ್ಯ?

ಒತ್ತಡಕ್ಕೂ ಸ್ತನ ಕ್ಯಾನ್ಸರಿಗೂ ನಂಟಿದೆಯೇ ಎಂದು ವಿಜ್ಞಾನಿಗಳೂ ಹುಡುಕಿದ್ದಾರೆ. 2003ರ ಫಿನ್ಲೆಂಡ್ ಅಧ್ಯಯನವೊಂದರಲ್ಲಿ ವಿಚ್ಛೇದನ, ಗಂಡನ ಸಾವಿನಂಥ ಘಟನೆಗಳ ಜೊತೆ ನಂಟು ಕಂಡಿತ್ತು. ಬ್ರಿಟನ್ನಿನಲ್ಲಿ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ ಜನರೇಷನ್ಸ್ ಸ್ಟಡಿ 2016ರಲ್ಲಿ ಕೊಟ್ಟ ವರದಿಯಲ್ಲಿ ಒಟ್ಟಾರೆ ಅಂಥ ನಂಟು ಕಾಣಲಿಲ್ಲ. ಎಡ-ಬಲದ ಲೆಕ್ಕಕ್ಕಂತೂ ಯಾವ ಆಧಾರವೂ ಇಲ್ಲ.

ನನಗೆ ನಿಜಕ್ಕೂ ಭಯವಾಗುವುದು ಹಾಮರ್ ಪದ್ಧತಿಯ 'ಗುಣವಾಗುವ ಹಂತ'ದ ಮಾತು ಕೇಳಿದಾಗ. ಸಂಘರ್ಷ ತೀರಿದ ಮೇಲೆ ಊತ, ನೋವು, ರಾತ್ರಿ ಬೆವರು ಬಂದರೆ ಅದು ವಾಸಿಯಾಗುವ ಗುರುತಂತೆ! ರೋಗ ಬೆಳೆದಷ್ಟೂ ಗುಣವಾಗುತ್ತಿದೆ ಎಂದು ಹೆಂಗಸು ಕಾಯುತ್ತಾಳೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಬಿಟ್ಟು ಬದಲಿ ಪದ್ಧತಿಯನ್ನಷ್ಟೇ ನೆಚ್ಚಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಮಿಕ್ಕಿತ್ತು.

ಅಕ್ಕನ ದುಃಖ ಸುಳ್ಳಲ್ಲ, ಅದಕ್ಕೂ ಆರೈಕೆ ಬೇಕು. ಆದರೆ ಗಂಟು ತಾನೇ ತಂದುಕೊಂಡದ್ದು ಎಂಬ ಅಪರಾಧಭಾವವನ್ನು ಯಾರೂ ಅವರ ತಲೆಗೆ ಕಟ್ಟಬಾರದು.

ಈಗ ಮಾಡಬೇಕಾದ್ದು: ಸರ್ಜನ್ ಕೈಯಿಂದ ಪರೀಕ್ಷೆ, ಮ್ಯಾಮೋಗ್ರಾಮ್ ಮತ್ತು ಅಲ್ಟ್ರಾಸೌಂಡ್ (ನಲವತ್ತರ ಒಳಗಿನವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್), ಅನುಮಾನವಿದ್ದರೆ ಕೋರ್ ಬಯಾಪ್ಸಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಾಮಾನ್ಯವಾಗಿ 14 ಗೇಜ್ ಅಳತೆಯ ಟೊಳ್ಳು ಸೂಜಿಯಿಂದ, ನಾಲ್ಕೈದು ಎಳೆ ಮಾಂಸ ತೆಗೆಯುತ್ತಾರೆ. ಅದೇ ದಿನ ಮನೆಗೆ ಬರಬಹುದು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಬೇಡ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಕ್ಯಾನ್ಸರ್ ಎಂದಾದರೆ ಇಆರ್, ಪಿಆರ್ (ಹಾರ್ಮೋನ್ ಗ್ರಾಹಿಗಳು), ಹರ್-2 (ಒಂದು ಪ್ರೋಟೀನ್) ಪರೀಕ್ಷೆಗಳೂ ಅದೇ ಎಳೆಗಳಿಂದ ಆಗುತ್ತವೆ. ಮದ್ದು ಯಾವುದೆಂದು ಗೊತ್ತಾಗುವುದು ಅವುಗಳಿಂದಲೇ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ, ಫೈಬ್ರೊಅಡಿನೋಮ (ಕ್ಯಾನ್ಸರ್ ಅಲ್ಲದ ಗಡ್ಡೆ) ಅಥವಾ ನೀರುಗಂಟು ಆಗಿರುತ್ತವೆ. ಆದರೂ ಬಯಾಪ್ಸಿಯಲ್ಲಿ 'ಏನಿಲ್ಲ' ಎಂದು ಬಂದು, ಸ್ಕ್ಯಾನಿಂಗಿನಲ್ಲಿ ಅನುಮಾನ ಉಳಿದಿದ್ದರೆ, ಮತ್ತೆ ಬಯಾಪ್ಸಿ ಬೇಕೇ ಎಂದು ಸರ್ಜನ್‌ರನ್ನು ಕೇಳದೆ ಎದ್ದು ಬರಬೇಡಿ.