‘ಬಡ್ಡಿ’ ಕಥೆಯ ಸಾಹುಕಾರನ ಕುರಿತು

ಆತ್ಮೀಯರೇ,

ನೀವು ಕಳುಹಿಸಿದ ‘ಬಡ್ಡಿ’ ಕಥೆಯನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಮಲ್ಪೆ ಬಂದರಿನ ಹರಾಜಿನ ಗದ್ದಲ, ಬಲೆ ಹೆಣೆಯುವವರ ಮಾತು ನಿಮಗೆ ಚೆನ್ನಾಗಿ ಒಲಿದಿವೆ. ಒಲಿಯದವನು ಸಾಲ ಕೊಡುವ ಸಾಹುಕಾರ ಒಬ್ಬನೇ. ಬಂದ ಮೊದಲ ಸಾಲಿನಲ್ಲೇ ಅವನ ಕಣ್ಣು ಕೆಂಪು, ಎರಡನೆಯದರಲ್ಲಿ ನಗು ವಿಕಾರ. ಆಮೇಲೆ ಅವನು ಏನು ಮಾಡಿದರೂ ಓದುಗರಿಗೆ ಅಚ್ಚರಿಯಿಲ್ಲ.

ನಮ್ಮ ಯಕ್ಷಗಾನದ ಆಟಗಳಲ್ಲಿ ರಾಕ್ಷಸರ ಬಣ್ಣದ ವೇಷವೂ ಹೀಗೆಯೇ ಅಬ್ಬರಿಸಿ ಬರುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಆದರೆ ಒಮ್ಮೆ ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೋಗಿ, ಆ ವೇಷಧಾರಿ ಅಕ್ಕಿಹಿಟ್ಟಿನ ಚುಟ್ಟಿಯನ್ನು, ಮುಳ್ಳಿನಂತೆ ಎದ್ದು ನಿಲ್ಲುವ ಆ ಚುಕ್ಕೆಗಳನ್ನು, ಒಂದೊಂದಾಗಿ ಮುಖಕ್ಕೆ ಇಟ್ಟುಕೊಳ್ಳುತ್ತಾ ಗಂಟೆಗಟ್ಟಲೆ ಕುಳಿತಿರುವುದನ್ನು ನೋಡಿ; ಆ ಅಬ್ಬರವೂ ತಾಳ್ಮೆಯಿಂದ ಕಟ್ಟಿದ್ದೇ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಂತೂ ಬಣ್ಣದ ಆಸರೆಯೂ ಇಲ್ಲ; ಕೌರವನ ಅರ್ಥ ಹೇಳುವವರು, ಅಂದರೆ ಅವನ ಪಾತ್ರವಾಗಿ ಮಾತಾಡುವವರು, ತಮ್ಮ ಪಕ್ಷವೇ ನ್ಯಾಯವೆಂದು ಗಟ್ಟಿಯಾಗಿ ವಾದಿಸದಿದ್ದರೆ ಎದುರಿನ ಕೃಷ್ಣನಿಗೆ ಮಾತೇ ಹುಟ್ಟುವುದಿಲ್ಲ. 10ನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ, ಹೆಣಗಳ ನಡುವೆ ನಡೆದು ಬರುವ ದುರ್ಯೋಧನ ಶತ್ರುವಿನ ಮಗನಾದ ಅಭಿಮನ್ಯುವಿನ ಶವದೆದುರು ನಿಂತು, ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ತನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಹಾಗೆಂದು ದ್ರೌಪದಿಗಾದ ಅವಮಾನವನ್ನು ಕವಿ ಮರೆಸಿಲ್ಲ.

ನಿಮ್ಮ ಸಾಹುಕಾರ ಸಾಲ ಕೊಡುವುದು ಆಗಸ್ಟಿನಲ್ಲಿ, ಬೋಟುಗಳು ಕಡಲಿಗಿಳಿದ ಮೇಲೆ. ಇಷ್ಟು ದಡ್ಡನೇ ಅವನು? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಂತಿರುವಾಗ, ಶಾಲೆ ಶುರುವಾಗಿ ಮಕ್ಕಳ ಖರ್ಚು ಬಂದೊದಗಿದ ಮನೆಗೆ ಅವನು ಕರೆಯದೆಯೇ ಅಕ್ಕಿ ಮೂಟೆ ಹೊರಿಸಿಕೊಂಡು ಬರಲಿ. ಆ ದಿನ ಅವನು ಉಪಕಾರಿಯೆಂದು ಮನೆಯವರು ನಂಬುತ್ತಾರೆ; ಬಹುಶಃ ಅವನೂ ನಂಬಿರುತ್ತಾನೆ.

ಏಳನೆಯ ಪುಟದಲ್ಲಿ ಅವನು ನೆಲಕ್ಕೆ ಬಿದ್ದ ಒಂದು ಬಂಗುಡೆಯನ್ನು ಹೆಕ್ಕಿ, ಯಾರ ಬುಟ್ಟಿಯದೆಂದು ವಿಚಾರಿಸಿ, ಆ ಮೀನು ಮಾರುವ ಹೆಂಗಸಿಗೆ ಮರಳಿಸುತ್ತಾನೆ. ಇಡೀ ಕಥೆಯಲ್ಲಿ ಅವನು ಉಸಿರಾಡುವುದು ಅಲ್ಲಿ ಮಾತ್ರ. ಪರರ ಒಂದು ಮೀನನ್ನೂ ಮುಟ್ಟದವನು ಲೆಕ್ಕ ತೋರಿಸಿ ಬೋಟನ್ನೇ ಬರೆಸಿಕೊಳ್ಳುತ್ತಾನಲ್ಲ, ನನಗೆ ಭಯ ಹುಟ್ಟಿಸಿದ್ದು ಅದು, ಕೆಂಪು ಕಣ್ಣಲ್ಲ. ನೀವೋ ಮರುವಾಕ್ಯದಲ್ಲೇ ಅವನಿಂದ ಮುದುಕಿಯೊಬ್ಬಳನ್ನು ತಳ್ಳಿಸಿದ್ದೀರಿ.

ನಾಯಕನ ಕುರಿತು ಹೆಚ್ಚೇನೂ ಹೇಳುವುದಿಲ್ಲ. ಅವನಿಗೆ ಒಂದಾದರೂ ಸುಳ್ಳು ಹೇಳಲು ಬಿಡಿ. ಕೊನೆಯಲ್ಲಿ ಸಾಹುಕಾರನಿಗೆ ಸಿಡಿಲು ಬಡಿಸಿರುವುದನ್ನು ತೆಗೆದುಹಾಕಿ, ಮುಂದಿನ ಜೂನ್‌ವರೆಗೆ ಅವನನ್ನು ಬದುಕಿಸಿಕೊಂಡು, ತಿದ್ದಿದ ಪ್ರತಿಯನ್ನು ಕಳುಹಿಸಿ. ನಾನೇ ಓದುತ್ತೇನೆ.

ಇಂತು,
ಸಂಪಾದಕ, ಉಡುಪಿ