ಘಾಟಿ ರಸ್ತೆಯಲ್ಲಿ ಎದುರುಬದುರಾದ ಲಾರಿಗಳಲ್ಲಿ ಯಾರು ದಾರಿ ಬಿಡಬೇಕು? ಚಾಲಕರ ನಡುವಿನ ರೂಢಿಗಳೇನು?

ರಸ್ತೆ ಕಿರಿದಾಗಿದ್ದರೆ ಇಳಿಯುವವರು ನಿಲ್ಲಬೇಕು, ಹತ್ತುವವರು ಹೋಗಬೇಕು. ಇದು ಬರೀ ಸೌಜನ್ಯವಲ್ಲ, 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದೆ. ಲೋಡ್ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವಾಗ ಕ್ಲಚ್ ಪ್ಲೇಟ್ ಸುಡುತ್ತದೆ, ಗಾಡಿ ಹಿಂದಕ್ಕೆ ಜಾರಿದರೆ ಹಿಂದಿರುವ ಕಾರಿನ ಗತಿ ಹೇಳಬೇಕಿಲ್ಲ. ಶಿರಾಡಿ, ಅರಬೈಲು ಘಾಟಿಗಳಂಥ ಕಡೆ ಉದ್ದನೆಯ ಟ್ರೇಲರ್ ತಿರುವು ತೆಗೆದುಕೊಳ್ಳಲು ಎದುರಿನ ಲೇನನ್ನೂ ಬಳಸಬೇಕಾಗುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ನಿಂತು ಜಾಗ ಕೊಡಿ, ಒಳಕ್ಕೆ ಮೂತಿ ತೂರಿಸಿದರೆ ಇಬ್ಬರೂ ಸಿಕ್ಕಿಕೊಳ್ಳುತ್ತೀರಿ. ರಾತ್ರಿಯಾದರೆ ಡಿಮ್ ಮಾಡಿ.

ಹಿಂದಿನವರಿಗೆ ‘ಓವರ್‌ಟೇಕ್ ಮಾಡಿ’ ಎಂದು ಇಂಡಿಕೇಟರ್ ಹಾಕುವ ಅಭ್ಯಾಸ ನನ್ನ ಪ್ರಕಾರ ಬಿಡುವುದೇ ಒಳ್ಳೆಯದು. ಕೆಲವರು ಎಡಗಡೆಯದು ಹಾಕುತ್ತಾರೆ, ಕೆಲವರು ಬಲಗಡೆಯದು. ಬಲಗಡೆಯದನ್ನು ‘ಎದುರು ಗಾಡಿ ಬರುತ್ತಿದೆ, ಬರಬೇಡಿ’ ಎನ್ನಲೂ ಬಳಸುತ್ತಾರೆ! ಅದರ ಬದಲು ವೇಗ ತಗ್ಗಿಸಿ ಎಡಕ್ಕೆ ಸರಿಯಿರಿ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಎಂಜಿನ್ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಕಾದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಿರಿ.

ಗಾಡಿ ಕೆಟ್ಟರೆ ಹಜಾರ್ಡ್ ಲೈಟ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ರಿಫ್ಲೆಕ್ಟರ್ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ತಿರುವಿದ್ದರೆ ತಿರುವಿಗೂ ಹಿಂದೆ. ಕಲ್ಲು, ಸೊಪ್ಪು ಇಟ್ಟಿದ್ದರೆ ಹೊರಡುವಾಗ ತೆಗೆಯಲೇಬೇಕು. ಡಾಂಬರಿನ ಮೇಲೆ ಉಳಿದ ಆ ಕಲ್ಲು ಕತ್ತಲಲ್ಲಿ ಬೈಕಿನವರಿಗೆ ಕಾಣುವುದಿಲ್ಲ.